ಹನ್ನೆರಡನೆಯ ಬಾಟಲಿ, ಎಪ್ಪತ್ತೊಂದು ಗೋಲಿ

ಅಕ್ಕಿ ನೆನೆಯಲು ಇನ್ನೂ ಒಂದು ಗಂಟೆ ಬೇಕು. ಒಗೆದ ಬಟ್ಟೆಯನ್ನು ತಂತಿಗೆ ಹಾಕಿಯಾಗಿದೆ, ಮಾವ ಜಗಲಿಯ ಮೇಲೆ ತೂಕಡಿಸುತ್ತಿದ್ದಾರೆ. ಕಳೆದ ಭಾನುವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಊರಿನವರು ಆಗಲೇ ನಾಲ್ಕು ಬಗೆಯಲ್ಲಿ ಹೇಳಿಕೊಂಡು ನಗುತ್ತಿದ್ದಾರೆ. ಐದನೆಯ ಬಗೆ ಹುಟ್ಟುವ ಮೊದಲು, ನಡೆದದ್ದನ್ನು ನಡೆದ ಹಾಗೆ ನಾನೇ ಬರೆದಿಡುತ್ತೇನೆ. ತಪ್ಪು ನನ್ನದೇ. ಹನ್ನೊಂದು ವರ್ಷ ಪಕ್ಕದಲ್ಲೇ ನಿಂತು ನೋಡಿದವಳು ಅಂಥ ತಪ್ಪು ಮಾಡಬಾರದಿತ್ತು.

ನಮ್ಮ ಊರಿನಲ್ಲಿ ಮಗು ಹುಟ್ಟಿದರೆ ಆ ವರ್ಷದ ದ್ರಾಕ್ಷಿಯ ವೈನನ್ನು ಹನ್ನೆರಡು ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಮಗುವಿನ ಹೆಸರು ಬರೆದ ಮರದ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಪೆಟ್ಟಿಗೆ ಚರ್ಚಿನ ನೆಲಮಾಳಿಗೆಗೆ ಹೋಗುತ್ತದೆ. ವೈನು ಮೂರು ದ್ರಾಕ್ಷಿಗಳ ಬೆರಕೆ. ಯಾವುದೋ ಕಾಲದಲ್ಲಿ ಫ್ರಾನ್ಸಿನಿಂದ ಬಂದ ಪಾದ್ರಿಯೊಬ್ಬರು ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಕಡ್ಡಿಗಳಿಂದ ಬೆಳೆದ ಬಳ್ಳಿಗಳು ಅವು. ಗ್ರನಾಶ್, ಸಿರಾ, ಮೂರ್ವೆದ್ರ ಎಂದು ಪಾದ್ರಿ ಕಲಿಸಿದರಂತೆ. ನಮ್ಮ ಮೂರು ಬೀದಿಗಳಿಗೂ ಈಗ ಅವೇ ಹೆಸರು. ನಮ್ಮ ಮನೆ ಇರುವುದು ಮೂರ್ವೆದ್ರ ಬೀದಿಯಲ್ಲಿ, ಅಂಚೆಪೆಟ್ಟಿಗೆಯ ಪಕ್ಕ.

ಮಗುವಿಗೆ ಮೂರು ತುಂಬಿದ ಹುಟ್ಟುಹಬ್ಬದಿಂದ ಹದಿಮೂರರವರೆಗೆ ವರ್ಷಕ್ಕೊಂದು ಬಾಟಲಿ ಹೊರಗೆ ಬರುತ್ತದೆ. ವೈನು ಹೇಗೆ ಬಲಿಯುತ್ತಿದೆ ಎಂದು ನೋಡಲು ಮನೆಯ ದೊಡ್ಡವರೊಬ್ಬರು ಒಂದು ಲೋಟ ಕುಡಿಯುತ್ತಾರೆ. ಕುಡಿದವರು, ಆ ವೈನಿಗೆ ಎಷ್ಟು ವಯಸ್ಸೋ ಅಷ್ಟೇ ವಯಸ್ಸಿನವರಾಗುತ್ತಾರೆ. ಮೈ ಇದ್ದಂತೆಯೇ ಇರುತ್ತದೆ, ಬುದ್ಧಿ ಮಾತ್ರ ಅಷ್ಟಕ್ಕೆ ಬಂದು ನಿಲ್ಲುತ್ತದೆ. ಬಾಯಲ್ಲಿ ರುಚಿ ಇರುವವರೆಗೆ ಹಾಗೆ. ನಮ್ಮದು ಮೈತುಂಬಿದ ವೈನಾದ್ದರಿಂದ ರುಚಿ ಅರ್ಧ ಗಂಟೆಯಾದರೂ ನಿಲ್ಲುತ್ತದೆ. ಮಗುವಿಗೆ ಆ ಅರ್ಧ ಗಂಟೆ ತನ್ನದೇ ವಯಸ್ಸಿನ ಜೊತೆಗಾರ. ಹನ್ನೆರಡನೆಯ ಬಾಟಲಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಇಪ್ಪತ್ತೊಂದು ತುಂಬಿದ ದಿನ ಅದನ್ನು ಮಗುವೇ ಕುಡಿಯಬೇಕು. ಅಂದು ವೈನಿಗೂ ಇಪ್ಪತ್ತೊಂದು, ಕುಡಿದವರಿಗೂ ಇಪ್ಪತ್ತೊಂದು. ಏನೂ ಆಗುವುದಿಲ್ಲ. ಏನೂ ಆಗಲಿಲ್ಲ ಎಂದು ಊರೆಲ್ಲ ಚಪ್ಪಾಳೆ ತಟ್ಟಿ ಊಟಕ್ಕೆ ಕೂರುತ್ತದೆ.

ನಮ್ಮ ಮನೆಯಲ್ಲಿ ಕುಡಿಯುತ್ತಿದ್ದವರು ನನ್ನ ಮಾವ ಚೌರಪ್ಪನವರು. ನಲವತ್ತು ವರ್ಷ ಬೆರಕೆಮನೆಯ ಮೇಸ್ತ್ರಿಯಾಗಿದ್ದವರು. ಯಾವ ದ್ರಾಕ್ಷಿ ಎಷ್ಟು ಪಾಲು ಎಂದು ಮೂಗಿನಿಂದಲೇ ಅಳೆಯುತ್ತಿದ್ದರು. ನನ್ನ ಮಗಳು ತೆರ್ಸಿಗೆ ಮೂರು ತುಂಬಿದ ದಿನ ಮಾವ ಒಂದು ಗುಟುಕು ಕುಡಿದು ‘ಥೂ, ಕಹಿ’ ಎಂದು ಉಗಿದು, ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತರು. ತೆರ್ಸಿ ತನ್ನ ರೊಟ್ಟಿಯ ಅರ್ಧವನ್ನು ಅವರ ಬಾಯಿಗೆ ತುರುಕಿ ಸಮಾಧಾನ ಮಾಡಿದಳು. ಏಳರಲ್ಲಿ ಇಬ್ಬರೂ ಸೀಬೆಮರ ಹತ್ತಿದರು. ಇಳಿಯುವಾಗ ರುಚಿ ಹೋಗಿಬಿಟ್ಟು, ಅರವತ್ತು ದಾಟಿದ ಮಾವ ಕೊಂಬೆಯ ಮೇಲೆ ಕುಳಿತು ‘ರೀತಮ್ಮಾ, ಏಣಿ ತಾರವ್ವಾ’ ಎಂದು ಕೂಗಿದರು. ಒಂಬತ್ತರಲ್ಲಿ ಗೋಲಿಯಾಟ. ಮಾವ ಮೋಸ ಮಾಡಿ ಎಪ್ಪತ್ತಕ್ಕೂ ಹೆಚ್ಚು ಗೋಲಿ ಗೆದ್ದು, ಅವನ್ನು ಒಂದು ಬಟ್ಟೆಚೀಲಕ್ಕೆ ತುಂಬಿ, ಬುದ್ಧಿ ಮರಳಿದ ಮೇಲೂ ವಾಪಸ್ ಕೊಡಲಿಲ್ಲ.

ನಾನು ಕಾಯುವವಳು. ಪ್ರತಿ ಮನೆಯಲ್ಲೂ ಒಬ್ಬರು ಹನಿ ಮುಟ್ಟದೆ ಕಾಯಬೇಕು. ಬಾವಿಯ ಮುಚ್ಚಳ ಹಾಕು, ಈಳಿಗೆಮಣೆ ಎತ್ತಿಡು, ಒದ್ದೆ ಬಟ್ಟೆ ಹಿಡಿದು ನಿಲ್ಲು, ಬುದ್ಧಿ ಬಂದಾಗ ಕುಡಿಯಲು ನೀರು ಕೊಡು, ಮಾಡಿದ್ದನ್ನು ನೆನೆದು ನಾಚಿಕೊಂಡರೆ ‘ಪರವಾಗಿಲ್ಲ ಬಿಡಿ’ ಎನ್ನು. ಹನ್ನೊಂದು ವರ್ಷ ಅದನ್ನೇ ಮಾಡಿದ್ದೇನೆ, ಬೇಜಾರಿಲ್ಲ. ಗುಟುಕು ಕುಡಿಯದೆಯೇ ಮಾವನ ಮಾತೆಲ್ಲ ಬಾಯಿಪಾಠವಾಗಿದೆ. “ಮೊದಲು ಗ್ರನಾಶ್ ಬರುತ್ತೆ, ಹಣ್ಣಾದ ಅಂಜೂರದ ಹಾಗೆ, ಎಲ್ಲರನ್ನೂ ಮಾತಾಡಿಸ್ಕೊಂಡು. ಹಿಂದೇನೇ ಸಿರಾ, ಮೆಣಸಿನ ಕಾಳು ಕಚ್ಚಿದ ಹಾಗೆ. ಕೊನೇಲಿ ನಮ್ಮ ಬೀದಿಯೋನು ಮೂರ್ವೆದ್ರ, ಹೊಸ ಚಪ್ಪಲಿ ವಾಸನೆ, ಹಲ್ಲು ಹಿಡಿಯೋ ಒಗರು. ಒಗರು ಇಲ್ದೆ ಹೋದ್ರೆ ವೈನಿಗೆ ಬೆನ್ನುಮೂಳೆ ಇಲ್ಲ ಕಣವ್ವ. ಎಳೇದ್ರಲ್ಲಿ ಚುಚ್ಚುತ್ತೆ, ಬಲಿತ ಮೇಲೆ ಅದೇ ವೈನನ್ನ ಹೊರುತ್ತೆ.”

ಕಳೆದ ವರ್ಷ, ಹದಿಮೂರರದ್ದು ಕುಡಿದು ಬುದ್ಧಿ ಮರಳಿದ ಮೇಲೆ, ಮಾವ ಬಹಳ ಹೊತ್ತು ನಾಲಿಗೆ ಸವರಿಕೊಳ್ಳುತ್ತ ಕುಳಿತಿದ್ದರು. “ಬಾಯಿ ಮುಚ್ಕೊಂಡುಬಿಟ್ಟಿದೆ,” ಎಂದರು. “ಅಂಜೂರಾನೂ ಇಲ್ಲ, ಮೆಣಸೂ ಇಲ್ಲ. ಒಳ್ಳೆ ವೈನೆಲ್ಲಾ ನಡುವೆ ಒಂದ್ಸಲ ಹೀಗೆ ಮೂಕಾಗುತ್ತೆ. ಕೆಟ್ಟೋಯ್ತು ಅಂತ ಜನ ಚೆಲ್ಲಿಬಿಡ್ತಾರೆ. ಕೆಟ್ಟಿರಲ್ಲ. ತಾನಾಗಿ ಬಾಯಿ ಬಿಡೋವರೆಗೂ ಕಾಯ್ಬೇಕು, ಇಲ್ಲಾ ಸ್ವಲ್ಪ ಗಾಳಿ ತೋರಿಸ್ಬೇಕು.” ಅವರು ಹೇಳಿದ್ದು ವೈನಿನ ಮಾತು. ಆ ದಿನ ನಾನೂ ಹಾಗೆಂದೇ ಕೇಳಿಸಿಕೊಂಡೆ.

ಗಾಳಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಬಾಟಲಿಯಲ್ಲಿ ಒಂದು ವರ್ಷ ತೆಗೆದುಕೊಳ್ಳುವುದನ್ನು ವೈನು ತೆರೆದ ಹೂಜಿಯಲ್ಲಿ ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ತಳದ ಗಸಿ ಬಾಟಲಿಯಲ್ಲೇ ಉಳಿಯುವಂತೆ ಮೆಲ್ಲಗೆ ಹೂಜಿಗೆ ಬಗ್ಗಿಸಿ, ಆ ಕ್ಷಣವೇ ಲೋಟಕ್ಕೆ, ಆ ಕ್ಷಣವೇ ಬಾಯಿಗೆ. ಎದುರುಮನೆಯ ಇನ್ನಾಸಪ್ಪ ತನ್ನ ಮಗಳ ನಾಲ್ಕನೆಯ ಹುಟ್ಟುಹಬ್ಬಕ್ಕೆ ಬಾಟಲಿ ಬಗ್ಗಿಸಿಟ್ಟು, ನೆಂಟರ ಜೊತೆ ಮಾತಿಗೆ ನಿಂತು ಮೂರು ಗಂಟೆ ಮರೆತಿದ್ದ. ಕುಡಿದಾಗ ವೈನಿಗೆ ನಲವತ್ತು. ಅವನಿಗೆ ಆಗ ಇಪ್ಪತ್ತೆಂಟು. ಬೊಂಬೆ ಹಿಡಿದು ಕಾದಿದ್ದ ಮಗುವಿನ ಎದುರು ಸೊಂಟ ಹಿಡಿದುಕೊಂಡು ಕುಳಿತು, ಪೇಪರ್ ತರಿಸಿಕೊಂಡು, ‘ಹತ್ತನೇ ಕ್ಲಾಸಾದ ಮೇಲೆ ಏನ್ ಮಾಡ್ಬೇಕು ಅಂತಿದ್ದೀಯಮ್ಮಾ?’ ಎಂದು ಕೇಳಿದನಂತೆ. ಇನ್ನಾಸಪ್ಪನ ಹೂಜಿ ಎಂದರೆ ಇಂದಿಗೂ ಮಕ್ಕಳು ನಗುತ್ತವೆ. ಭಾನುವಾರದವರೆಗೆ ನಾನೂ ನಗುತ್ತಿದ್ದೆ.

ಈ ವರ್ಷ ತೆರ್ಸಿಗೆ ಹದಿನಾಲ್ಕು. ಹದಿನಾಲ್ಕರ ವರ್ಷ ನಮ್ಮ ಊರಿನ ಎಲ್ಲ ಮಕ್ಕಳಿಗೂ ಮೂಗಿನ ಪರೀಕ್ಷೆ. ಬಟ್ಟೆ ಮುಚ್ಚಿದ ಹನ್ನೆರಡು ಬಟ್ಟಲು, ಮೂಸಿ ಏನೆಂದು ಬರೆಯಬೇಕು. ಗೆದ್ದವರು ಬೆರಕೆಮನೆಗೆ ಕೆಲಸ ಕಲಿಯಲು ಹೋಗುತ್ತಾರೆ. ಫಲಿತಾಂಶದ ಚೀಟಿ ಮಗುವಿನ ಕೈಗೆ ಮಾತ್ರ. ಮಗು ತಾನಾಗಿ ಹೇಳುವವರೆಗೆ ಮನೆಯವರು ಕೇಳಬಾರದು, ಅದು ಪಾದ್ರಿಯ ಕಾಲದ ಕಟ್ಟಳೆ. ಎರಡು ತಿಂಗಳ ಹಿಂದೆ ತೆರ್ಸಿ ಪರೀಕ್ಷೆ ಮುಗಿಸಿ ಬಂದವಳು ಕೈಕಾಲು ತೊಳೆದು ತಟ್ಟೆಯ ಮುಂದೆ ಕುಳಿತಳು. ಅಂದಿನಿಂದ ಅವಳ ಬಾಯಿಂದ ‘ಹ್ಞೂಂ’ ಮತ್ತು ‘ಹ್ಞೂಂಹ್ಞೂಂ’ ಬಿಟ್ಟು ಬೇರೆ ಮಾತಿಲ್ಲ. ಶಾಲೆಯಿಂದ ಬಂದು ಚೀಲ ಎಸೆದು ಅಪ್ಪನ ಶೆಡ್ಡಿಗೆ ಹೋಗಿ ಕೂರುತ್ತಾಳೆ. ನನ್ನ ಗಂಡ ಅರುಳಪ್ಪ ಪೀಪಾಯಿ ಮಾಡುವವರು. ಅವರಿಗೆ ಹುಟ್ಟಿನಿಂದ ಮೂಗಿನಲ್ಲಿ ವಾಸನೆಯೇ ಇಲ್ಲ. ಮಾತೂ ಕಡಿಮೆ. ಇಬ್ಬರೂ ಅಲ್ಲಿ ಸುಮ್ಮನೆ ಕೂರುತ್ತಾರೆ ಎಂದುಕೊಂಡಿದ್ದೆ.

ಮಾವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. “ನನ್ನ ಮೊಮ್ಮಗಳಿಗೆ ನಾಚಿಕೆ. ಗೆದ್ದೆ ಅಂತ ತನ್ನ ಬಾಯಲ್ಲಿ ತಾನೇ ಹೇಗೆ ಹೇಳ್ಕೊಂತಾಳೆ?” ಎಂದು ತಮ್ಮ ಹಳೆಯ ಬೆರಕೆಮನೆಯ ಏಪ್ರನ್ನನ್ನು ದರ್ಜಿಗೆ ಕೊಟ್ಟು, ಅವಳ ಅಳತೆಗೆ ಸಣ್ಣ ಮಾಡಿಸಿ, ಇಸ್ತ್ರಿ ಹಾಕಿಸಿ ನಡುಮನೆಯ ಗೂಟಕ್ಕೆ ತೂಗುಹಾಕಿದರು. ತೆರ್ಸಿ ಆ ಗೂಟದ ಮುಂದೆ ಹಾದುಹೋಗುವಾಗ ಎದುರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ನೋಡಿದೆ. ಕೇಳುವಂತಿರಲಿಲ್ಲ. ಒಂದು ಹುಡುಗಿ ಎದುರಿಗೇ ಓಡಾಡಿಕೊಂಡಿದ್ದು, ಅವಳು ಎಲ್ಲಿದ್ದಾಳೆಂದು ತಿಳಿಯದೆ ಇರುವುದು ಏನೆಂದು ಈ ಎರಡು ತಿಂಗಳಲ್ಲಿ ತಿಳಿಯಿತು.

ಹುಟ್ಟುಹಬ್ಬದ ವಾರ ನನಗೊಂದು ಯೋಚನೆ ಬಂತು. ನೇರವಾಗಿ ನೆಲಮಾಳಿಗೆಗೆ ಹೋದೆ. ಅಲ್ಲಿ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರು ಬೆರ್ನಾದಮ್ಮ. ಬಾಟಲಿಗಳು ಮಲಗಿವೆ ಎಂದು ಪಿಸುದನಿಯಲ್ಲೇ ಮಾತಾಡುತ್ತಾರೆ, ಆದರೆ ಪಿಸುದನಿಯಲ್ಲೇ ಜಗಳವನ್ನೂ ಆಡಬಲ್ಲರು.

“ತೆರ್ಸಿ ಪೆಟ್ಟಿಗೇಲಿ ಉಳಿದಿರೋದನ್ನ ಕೊಡಿ ಅಕ್ಕಾ,” ಎಂದೆ.

“ನಿಂಗೇನು ಜ್ವರ ಬಂದಿದೆಯೇನೇ ರೀತ? ಹದಿಮೂರಕ್ಕೆ ಆಟ ಮುಗೀತು. ಹನ್ನೆರಡನೇದು ಹುಡುಗೀದು.”

“ಹದಿಮೂರಕ್ಕೆ ಯಾಕೆ ಮುಗೀಬೇಕು? ಜೊತೆಗೊಬ್ಬರು ಬೇಕು ಅನ್ನೋದು ಹದಿನಾಲ್ಕರಲ್ಲೇ ಅಲ್ವಾ?”

“ಆ ಲೆಕ್ಕ ಇಟ್ಟ ಪಾದ್ರಿಗಳಿಗೆ ಮಕ್ಕಳಿದ್ವಾ? ಅವರಿಗೇನು ಗೊತ್ತು,” ಎಂದು ಬೆರ್ನಾದಮ್ಮ ಶಿಲುಬೆಯ ಗುರುತು ಹಾಕಿಕೊಂಡರು. “ಅದೆಲ್ಲ ಬೇಡ. ಹುಡುಗೀನೇ ಬಂದು ಕೇಳಿದ್ರೆ ಕೊಡ್ತೀನಿ. ಯಾರು ಕುಡಿಯೋರು? ನಿಮ್ಮ ಮಾವಂಗೆ ಡಾಕ್ಟ್ರು ಬೇಡ ಅಂದಿದ್ದಾರೆ. ನಿನ್ನ ಗಂಡ ಕುಡಿದ್ರೆ ಎರಡು ನಿಮಿಷಕ್ಕೆ ಇಳಿದೋಗುತ್ತೆ, ಮೂಗೇ ಇಲ್ದೋನಿಗೆ ರುಚಿ ಎಲ್ಲಿ ನಿಲ್ಲುತ್ತೆ?”

“ನಾನು ಕುಡೀತೀನಿ.”

ಬೆರ್ನಾದಮ್ಮ ದೀಪ ಎತ್ತಿ ನನ್ನ ಮುಖ ನೋಡಿದರು. “ನೀನಾ?” ಎಂದರು, ಈ ಸಲ ಜೋರಾಗಿಯೇ.

ಸಂಜೆ ತೆರ್ಸಿಗೆ ತಲೆ ಬಾಚುತ್ತ ಅವಳನ್ನೂ ಕೇಳಿದೆ. ಅವಳೂ ‘ನೀನಾ?’ ಎಂದಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳ ತುಟಿ ಒಂದು ಕಡೆಗೆ ಏರಿತು. “ನೀನು ಹದಿನಾಲ್ಕಾಗಿ ಏನ್ಮಾಡ್ತೀಯಾ? ಪಾತ್ರೆ ತೊಳೀತೀಯಾ?” ನಾನು ಜಡೆ ಹೆಣೆಯತೊಡಗಿದೆ. ಜಡೆ ಮುಗಿಯುವಾಗ ಅವಳೇ ಹೇಳಿದಳು, “ತೆಗಿ. ನಂಗೆ ಆ ಬಾಟಲಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ.” ಆ ಮಾತು ನನ್ನ ಎದೆಗೆ ಚುಚ್ಚಿತು. ಆದರೆ ಬೇಡ ಎನ್ನಲಿಲ್ಲವಲ್ಲ.

ಭಾನುವಾರ ಪೂಜೆ ಮುಗಿಸಿ ತೆರ್ಸಿಯೇ ಹೋಗಿ ಬಾಟಲಿ ತಂದಳು. ಮೂರು ಗಂಟೆಗೆ ಕುಡಿಯುವುದೆಂದು ಮಾತಾಗಿತ್ತು. ಕಾಯುವ ಕೆಲಸ ಈ ಸಲ ಮಾವನದು. ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕುಳಿತರು. ಮಾವ ಬಿರಡೆ ತೆಗೆದುಕೊಟ್ಟರು, ನಾನು ಒಂದು ಲೋಟದಷ್ಟು ಮಾತ್ರ ಹೂಜಿಗೆ ಬಗ್ಗಿಸಿದೆ. ಉಳಿದದ್ದು ಉಳಿಯಲಿ, ಏನಾದರೂ ದಾರಿ ಮಾಡಿ ಹುಡುಗಿಗೆ ಎತ್ತಿಡೋಣ ಎಂಬ ಆಸೆ. ಮಾವ ಬಾಟಲಿಗೆ ಮತ್ತೆ ಬಿರಡೆ ಒತ್ತಿ, “ಬೇಗ ಕುಡಿಯವ್ವ,” ಎಂದು ಜಗಲಿಗೆ ಮರಳಿದರು. ಲೋಟ ಹಿಡಿದು ನೋಡಿದರೆ ತೆರ್ಸಿ ಇಲ್ಲ. ಶೆಡ್ಡಿಗೆ ಓಡಿದ್ದಳು. ಮನಸ್ಸು ಬದಲಾಯಿಸಿಕೊಂಡಳೋ ಏನೋ, ಬರಲಿ, ಅವಸರ ಮಾಡಬಾರದು ಎಂದು ಹೂಜಿಗೊಂದು ತಟ್ಟೆ ಮುಚ್ಚಿದೆ.

ಹೌದು, ತಟ್ಟೆ. ಸಾರಿಗೆ ಮುಚ್ಚುವ ಹಾಗೆ. ಹನ್ನೊಂದು ವರ್ಷ ಬಟ್ಟೆ ಹಿಡಿದು ನಿಂತಿದ್ದೆನೇ ಹೊರತು ಒಮ್ಮೆಯೂ ನಾನು ಬಗ್ಗಿಸಿದವಳಲ್ಲ. ಮುಚ್ಚಿದ್ದೇನೆ, ಇನ್ನೇನು ಎಂದುಕೊಂಡೆ. ಆಮೇಲೆ ಮಾವನ ಮೊಣಕಾಲಿಗೆ ಬಿಸಿನೀರು ಕಾಯಿಸಿಕೊಟ್ಟೆ. ಇನ್ನಾಸಪ್ಪನ ಹೆಂಡತಿ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದು ತನ್ನ ನಾದಿನಿಯ ಕಥೆ ಪೂರ್ತಿ ಹೇಳಿ ಹೋದಳು. ನಾಲ್ಕು ಹನಿ ಮಳೆ ಬಿದ್ದು ಬಟ್ಟೆ ಎತ್ತಿದೆ, ಮಳೆ ನಿಂತು ಮತ್ತೆ ಹರವಿದೆ. ಹಾಲು ಬಂತು, ಒಲೆಗಿಟ್ಟೆ. ತೆರ್ಸಿ ತಲೆಯ ತುಂಬ ಮರದ ಹೊಟ್ಟು ಮಾಡಿಕೊಂಡು ಬಂದು ಅಡುಗೆಮನೆಯ ಮಣೆಯ ಮೇಲೆ ನನ್ನ ಎದುರು ಕುಳಿತಾಗ ಗಡಿಯಾರದಲ್ಲಿ ಐದು ಗಂಟೆ ಐದು ನಿಮಿಷ. ಅದು ಆಮೇಲೆ ಲೆಕ್ಕ ಹಾಕಿದ್ದು. ಆಗ ನಾನು ಗಡಿಯಾರ ನೋಡಲಿಲ್ಲ, ಅವಳು ಬಂದಳಲ್ಲ ಎಂಬುದನ್ನಷ್ಟೇ ನೋಡಿದೆ.

ಲೋಟಕ್ಕೆ ಸುರಿದಾಗ ವೈನಿನ ಅಂಚಿನಲ್ಲಿ ಹಂಚಿನ ಬಣ್ಣ ಕಾಣಿಸಿತು. ಒಲೆಯ ಬೆಳಕಿರಬೇಕು ಎಂದುಕೊಂಡೆ. ಕಣ್ಣು ಮುಚ್ಚಿ ಕುಡಿದೆ. ಅಂಜೂರ ಬಂತು, ಆದರೆ ಬಿಸಿಲಿನಲ್ಲಿ ಒಣಗಿದ ಅಂಜೂರ. ಮೆಣಸಿಗಾಗಿ ಕಾದೆ, ಮೆಣಸಿನ ಡಬ್ಬಿ ಖಾಲಿಯಾದ ಮೇಲೂ ಉಳಿಯುವಂಥ ವಾಸನೆ ಮಾತ್ರ ಬಂತು. ಹಿಂದೆ ಮಳೆ ನಿಂತ ಮಣ್ಣು, ಹೊಗೆಸೊಪ್ಪಿನ ಎಲೆ, ನಮ್ಮತ್ತೆಯ ಹಳೆಯ ಪ್ರಾರ್ಥನೆ ಪುಸ್ತಕದ ಚರ್ಮದ ರಟ್ಟು. ಒಗರು ಎಲ್ಲಿ ಎಂದು ನಾಲಿಗೆಯಿಂದ ಹಲ್ಲು ತಡವಿದೆ. ಒಗರೇ ಇಲ್ಲ, ಹಳೆಯ ರೇಷ್ಮೆ ಸೀರೆಯ ಹಾಗೆ ಜಾರಿಹೋಯಿತು. ಎಷ್ಟು ಚೆನ್ನಾಗಿದೆಯಲ್ಲ, ಇಷ್ಟು ವರ್ಷ ಮಾವ ಮುಖ ಸಿಂಡರಿಸಿದ್ದು ಯಾಕೆ ಎನಿಸಿತು. ಲೋಟ ಕೆಳಗಿಟ್ಟು, ಹದಿನಾಲ್ಕು ಬರಲಿ ಎಂದು ಕಾದೆ.

ಬರಲಿಲ್ಲ. ಹಾಲು ಉಕ್ಕೀತು ಎಂಬ ಯೋಚನೆ ಹಾಗೆಯೇ ಇತ್ತು. ಬಲಗಾಲಿನ ಹಿಮ್ಮಡಿಯ ನೋವೂ ಇತ್ತು. ಆಗ ತಟ್ಟೆ ಕಣ್ಣಿಗೆ ಬಿತ್ತು, ಮೂರು ಗಂಟೆಗೆ ಬಗ್ಗಿಸಿದ್ದು ನೆನಪಾಯಿತು. ನನಗೆ ಮೂವತ್ತೊಂಬತ್ತು, ವೈನಿಗೂ ಅಷ್ಟೇ ಆಗಿತ್ತು. ಲೆಕ್ಕ ನೀವೇ ಹಾಕಿಕೊಳ್ಳಿ. ಇನ್ನಾಸಪ್ಪನ ಹೂಜಿಯನ್ನೂ ಮೀರಿಸಿದ್ದೆ. ಮಗಳ ಹನ್ನೆರಡನೆಯ ಬಾಟಲಿ ತೆರೆದು, ಏನೂ ಆಗದ ಒಂದು ಲೋಟ ಕುಡಿದು ಕುಳಿತಿದ್ದೆ. ‘ಅಯ್ಯೋ ತೆರ್ಸಿ’ ಎನ್ನಲು ಬಾಯಿ ತೆರೆದೆ.

“ಬಂದ್ಯಾ?” ಎಂದಳು ತೆರ್ಸಿ. ಪ್ರತಿ ವರ್ಷ ತಾತನನ್ನು ಅವಳು ಕೇಳುತ್ತಿದ್ದ ಮಾತು ಅದು.

ನಿಜ ಹೇಳಬೇಕಿತ್ತು. ಆದರೆ ಪರೀಕ್ಷೆಯ ದಿನದಿಂದ ನನ್ನ ಮುಖ ನೋಡಿ ಅವಳು ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ.

“ಹ್ಞೂಂ,” ಎಂದೆ, ಅವಳದೇ ಹ್ಞೂಂನ ಹಾಗೆ.

“ಹಂಗಾದ್ರೆ ಒಂದು ಹೇಳ್ತೀನಿ. ಅಮ್ಮಂಗೆ ಹೇಳ್ಬಾರ್ದು.”

“ಇಲ್ಲ.”

“ದೇವರಾಣೆ?”

ದೇವರ ಆಣೆ ಹಾಕಲು ಧೈರ್ಯ ಬರಲಿಲ್ಲ. “ಅಮ್ಮನಾಣೆ,” ಎಂದೆ.

ತೆರ್ಸಿ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಹನ್ನೆರಡು ಬಟ್ಟಲಿಗೂ ಒದ್ದೆ ಗೋಣಿಚೀಲ ಅಂತ ಬರೆದೆ ಕಣೆ. ಹನ್ನೆರಡಕ್ಕೂ! ನಂಗೇನೂ ಬರಲೇ ಇಲ್ಲ. ಬಟ್ಟೆ ಒದ್ದೆ ಇತ್ತಲ್ಲ, ಅದಷ್ಟೇ ಗೊತ್ತಾಗಿದ್ದು. ಏಳನೇ ಬಟ್ಟಲಲ್ಲಿ ಬೆಳ್ಳುಳ್ಳಿ ಇತ್ತಂತೆ. ಬೆಳ್ಳುಳ್ಳಿ! ನಂಗೆ ಅಪ್ಪನ ಮೂಗು ಬಂದಿದೆ.”

ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ಚೀಟಿಯನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದಳಂತೆ. ನಾನು ದಿನವೂ ಅಕ್ಕಿ ಅಳೆಯುವ ಡಬ್ಬ. ಅಪ್ಪನಿಗೆ ಮೂಗಿಲ್ಲವೆಂದು ತಿಳಿದ ದಿನ ತಾತ ಮೂರು ದಿನ ಊಟ ಬಿಟ್ಟಿದ್ದರು ಎಂದು ನಮ್ಮ ಮನೆಯಲ್ಲಿ ಹಬ್ಬಹಬ್ಬಕ್ಕೂ ಹೇಳಿ ನಗುತ್ತೇವೆ. ಅವಳಿಗೆ ಆ ಕಥೆ ನಗುವಿನದಾಗಿರಲಿಲ್ಲ. “ಈಗ ತಾತಂಗೆ ಎಪ್ಪತ್ತೆರಡು. ಮೂರು ದಿನ ಊಟ ಬಿಟ್ರೆ ಸತ್ತೇಹೋಗ್ತಾರೆ. ಅದಕ್ಕೇ ಆ ಏಪ್ರನ್ ಕಡೆ ನಾನು ನೋಡೋದೇ ಇಲ್ಲ.”

“ಅಮ್ಮಂಗಾದ್ರೂ ಹೇಳ್ಬೋದಿತ್ತಲ್ಲ?” ಎಂದೆ. ದನಿ ಆದಷ್ಟು ಎಳೆಯದು ಮಾಡಿಕೊಂಡೇ ಕೇಳಿದೆ.

“ಅಮ್ಮಂಗಾ! ಅಮ್ಮ ಏನಂತಾಳೆ ಅಂತ ನಂಗೊತ್ತಿಲ್ವಾ? ‘ಪರವಾಗಿಲ್ಲ ಬಿಡು ಕಂದ’ ಅಂತಾಳೆ. ನಾಯಿ ಸತ್ತಾಗ್ಲೂ ಪರವಾಗಿಲ್ಲ ಬಿಡು, ಸ್ಟೆಲ್ಲಾ ನನ್ನ ಬಿಟ್ಟು ಬೇರೆ ಬೆಂಚಿಗೆ ಹೋದಾಗ್ಲೂ ಪರವಾಗಿಲ್ಲ ಬಿಡು. ಅಮ್ಮಂಗೆ ಹೇಳಿದ್ರೆ ಎಲ್ಲಾ ಚಿಕ್ಕದಾಗಿಬಿಡುತ್ತೆ. ನಂದು ಚಿಕ್ಕದಲ್ಲ.”

ನಾನು ಸುಳ್ಳು ಹೇಳುವುದಿಲ್ಲ. ಆ ಕ್ಷಣದಲ್ಲಿ ನನ್ನ ನಾಲಿಗೆಯ ತುದಿಯಲ್ಲಿ ಇದ್ದದ್ದು ಅದೇ ಎರಡು ಮಾತು. ವೈನಿನ ರುಚಿಯ ಜೊತೆಗೆ ಅದನ್ನೂ ನುಂಗಿದೆ. ನುಂಗಿದ ಮೇಲೆ ಅದರ ಹಿಂದೆ ಏನಿದೆ ಎಂದು ನೋಡಿದರೆ, ನನಗೂ ಬಹಳ ಬೇಜಾರಾಗಿತ್ತು. ಬೆರಕೆಮನೆಯ ಬಾಗಿಲಲ್ಲಿ ಬಿಳಿ ಏಪ್ರನ್ ತೊಟ್ಟ ತೆರ್ಸಿಯನ್ನು ನಾನೂ ಎಷ್ಟು ಸಲ ನೆನೆದುಕೊಂಡಿದ್ದೆನೋ.

“ಥೂ,” ಎಂದೆ. “ಬೆಳ್ಳುಳ್ಳಿನೂ ಗೊತ್ತಾಗ್ಲಿಲ್ವಾ? ಎಂಥಾ ಗ್ರಹಚಾರನೇ ನಿಂದು! ನಾನಾಗಿದ್ರೆ ಆ ಬಟ್ಟಲನ್ನ ತಲೆ ಮೇಲೆ ಸುರ್ಕೊಂಡು ಅಲ್ಲೇ ಅತ್ತುಬಿಡ್ತಿದ್ದೆ.”

ತೆರ್ಸಿ ನನ್ನನ್ನು ದಿಟ್ಟಿಸಿದಳು. ಅವಳ ಗಂಟಲಿಂದ ಒಂದು ಸದ್ದು ಬಂತು, ನಗುವಾಗಿ ಹೊರಟು ಅಳುವಾಗಿ ಮುಗಿಯಿತು. ಎರಡು ತಿಂಗಳ ಅಳು, ಅದಕ್ಕೆ ಹೊತ್ತು ಹಿಡಿಯಿತು. ನಾನು ಸುಮ್ಮನಾಗಿಸಲಿಲ್ಲ. ಜೊತೆಗೆ ಒಂದಿಷ್ಟು ನಾನೂ ಅತ್ತೆ. ಹಾಲು ಉಕ್ಕಿತು. ಉಕ್ಕಲಿ ಎಂದು ಬಿಟ್ಟೆ.

ಅಳು ನಿಂತ ಮೇಲೆ ಶೆಡ್ಡಿನ ಮಾತು ಬಂತು. ಪೀಪಾಯಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಎಲ್ಲಿಯವರೆಗೆ ತುಂಬಿದೆ, ಎಲ್ಲಿ ಸಂದು ಬಿಟ್ಟಿದೆ ಎಂದು ಅವಳಿಗೆ ಕೇಳಿಸುತ್ತದಂತೆ. “ಅಪ್ಪಂಗಿಂತ ಮೊದ್ಲು ನಂಗೆ ಗೊತ್ತಾಗುತ್ತೆ. ಮೊನ್ನೆ ಅಪ್ಪ ಸರಿಯಾಗಿದೆ ಅಂದಿದ್ದು ಸೋರ್ತಿದೆ ಅಂದೆ. ಸೋರ್ತಿತ್ತು.” ಇಬ್ಬರೂ ಅಲ್ಲಿ ಸುಮ್ಮನೆ ಕೂರುತ್ತಾರೆ ಎಂದುಕೊಂಡಿದ್ದೆನಲ್ಲ! ಅವಳ ಮೂಗು ಸೋರುತ್ತಿತ್ತು. ಸೆರಗಿನಿಂದ ಒರೆಸಿದೆ.

“ಸಾಕು ಬಿಡಮ್ಮ,” ಎಂದಳು ತೆರ್ಸಿ.

ನನ್ನ ಕೈ ಅಲ್ಲೇ ನಿಂತಿತು. “ಯಾವಾಗ ಗೊತ್ತಾಯ್ತು?”

“ಮೊದ್ಲೇ. ಲೋಟ ಕೆಳಗಿಟ್ಟ ಕೂಡ್ಲೇ ನೀನು ಅಲ್ಲಿ ಬಿದ್ದ ತೊಟ್ಟನ್ನ ಒರೆಸ್ದೆ. ತಾತ ಹದಿಮೂರಾಗಿದ್ದಾಗ ಅಂಗಿ ತುಂಬಾ ಚೆಲ್ಕೊಂಡಿದ್ರು. ಹದಿನಾಲ್ಕರೋಳು ಒರೆಸ್ತಾಳಾ? ಆಮೇಲೆ ಹಾಲಿನ ಕಡೆ ನೋಡಿದೆ.”

“ಮತ್ತೆ ಯಾಕೇ ಹೇಳ್ದೆ?”

ತೆರ್ಸಿ ಹೆಗಲು ಹಾರಿಸಿದಳು. “ನೀನು ಹ್ಞೂಂ ಅಂದ್ಯಲ್ಲ. ಸುಳ್ಳು ಹೇಳೋಕೇ ಬರ್ದೋಳು ನಂಗೋಸ್ಕರ ಸುಳ್ಳು ಹೇಳ್ತಿದ್ದಾಳೆ, ಪಾಪ ಅನ್ನಿಸ್ತು.”

ಮಾವನಿಗೆ ಅವಳೇ ಹೇಳಿದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಮಾವ ಕನ್ನಡಕ ತೆಗೆದರು, ಹೆಗಲ ಮೇಲಿದ್ದ ಒದ್ದೆ ಬಟ್ಟೆಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ತೆರ್ಸಿಯ ಬೆನ್ನು ಬಿಲ್ಲಿನ ಹಾಗೆ ಬಿಗಿದಿತ್ತು.

“ನಿಮ್ಮಪ್ಪಂದು ತಿಳಿದಾಗ ಊಟ ಬಿಟ್ಟೆ,” ಎಂದರು ಮಾವ. “ಆವತ್ತು ನಿಮ್ಮಜ್ಜಿ ಕೋಳಿಸಾರು ಮಾಡಿದ್ಲು. ಮೂರು ದಿನ ಅದರ ವಾಸನೆ ಮನೇಲೇ ಸುತ್ತಾಡ್ತಿತ್ತು. ಜನ್ಮದಲ್ಲಿ ಎಷ್ಟೋ ಕೋಳಿಸಾರು ತಿಂದಿದ್ದೀನಿ, ನೆನಪಿರೋದು ಆ ತಿನ್ನದೇ ಇದ್ದ ಸಾರು. ಅಂಥಾ ದಡ್ಡ ಕೆಲ್ಸ ಇನ್ನೊಂದ್ಸಲ ಮಾಡ್ತೀನಾ?” ಆಮೇಲೆ ಒಳಗೆ ತಿರುಗಿ, “ರೀತಮ್ಮಾ, ಇವತ್ತು ಏನು ಸಾರು?” ಎಂದು ಕೂಗಿದರು.

ಏಪ್ರನ್ನನ್ನು ಗೂಟದಿಂದ ತೆಗೆದು ತಾವೇ ಕಟ್ಟಿಕೊಳ್ಳಲು ನೋಡಿದರು, ದಾರ ಸೊಂಟದ ಅರ್ಧಕ್ಕೇ ನಿಂತಿತು. “ಇದು ನಿಂಗೇ ಸರಿ. ಶೆಡ್ಡಲ್ಲಿ ಹಾಕ್ಕೋ. ಮರದ ಹೊಟ್ಟು ಬಿದ್ರೆ ಏಪ್ರನ್ನಿಗೇನೂ ಅವಮಾನ ಇಲ್ಲ,” ಎಂದು ಕೊಟ್ಟರು.

ಆಮೇಲೆ ಬಾಟಲಿಯ ಮಾತು. ಮಾವ ಅದನ್ನು ದೀಪಕ್ಕೆ ಹಿಡಿದು ನೋಡಿ ಹಣೆ ಬಡಿದುಕೊಂಡರು. ಒಂದು ಲೋಟ ಖಾಲಿಯಾದ ಜಾಗದಲ್ಲಿ ಗಾಳಿ ಕುಳಿತಿತ್ತು. “ಬಿರಡೆ ಇದ್ದಿದ್ರಿಂದ ಬಚಾವು, ಎರಡು ತಿಂಗಳಷ್ಟು ಬೆಳೆದಿರಬೋದು. ಹೀಗೇ ಬಿಟ್ರೆ ನಾಡಿದ್ದಿಗೆ ನನ್ನ ವಯಸ್ಸಾಗುತ್ತೆ. ಗಾಳಿ ಓಡಿಸ್ಬೇಕು. ಬೇರೆ ವೈನು ಸುರಿಯೋಂಗಿಲ್ಲ, ಹುಡುಗೀದು ಕಲಬೆರಕೆ ಆಗೋಗುತ್ತೆ.” ಅತ್ತಿತ್ತ ನೋಡಿದರು. ಕೊನೆಗೆ ಎದ್ದು ಹೋಗಿ, ತಮ್ಮ ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಚೀಲ ತಂದು ನನ್ನ ಮುಂದಿಟ್ಟರು.

“ಕುದಿಸಿ ತಾ,” ಎಂದರು, ನನ್ನ ಕಣ್ಣು ತಪ್ಪಿಸುತ್ತ.

ಗೋಲಿಗಳು! “ತಾತಾ! ಇವು ನನ್ನವು!” ಎಂದು ತೆರ್ಸಿ ಚೀರಿದಳು. “ಮೋಸ ಮಾಡಿ ಗೆದ್ದಿದ್ದು!”

“ಅದಕ್ಕೇ ಈಗ ಕೊಡ್ತಾ ಇರೋದು,” ಎಂದರು ಮಾವ.

ಕುದಿಸಿ ಆರಿಸಿದ ಗೋಲಿಗಳನ್ನು ತೆರ್ಸಿ ಒಂದೊಂದಾಗಿ ಬಾಟಲಿಯ ಕೊರಳಿಗೆ ಇಳಿಬಿಟ್ಟಳು. ಒಂದು ತೊಟ್ಟೂ ಚಿಮ್ಮಲಿಲ್ಲ, ಗಸಿ ಕದಡಲಿಲ್ಲ. ಶೆಡ್ಡಿನಿಂದ ಬಂದ ನನ್ನ ಗಂಡ ಬಾಗಿಲಿಗೆ ಒರಗಿ ನೋಡುತ್ತ, “ಕೈ ನೋಡಪ್ಪಾ ಅವಳದು,” ಎಂದರು. ಅವರ ಮಟ್ಟಿಗೆ ಅದು ಭಾಷಣ. ಪ್ರತಿ ಗೋಲಿಗೂ ವೈನು ಕೂದಲೆಳೆಯಷ್ಟು ಮೇಲೆ ಬಂತು. ಎಪ್ಪತ್ತನೆಯದಾದ ಮೇಲೆ ತೆರ್ಸಿ ಬಾಟಲಿಯನ್ನು ಉಗುರಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ, “ಇನ್ನೊಂದು,” ಎಂದಳು. ಇನ್ನೊಂದು ಹಾಕಿದಾಗ ವೈನು ಸರಿಯಾಗಿ ಬಿರಡೆಯ ಬುಡಕ್ಕೆ ಬಂದು ನಿಂತಿತು. ಮಾವ ಬಿರಡೆ ಒತ್ತಿ, ಮೇಣ ಸುರಿದರು.

ಸೋಮವಾರ ಬಾಟಲಿಯನ್ನು ನೆಲಮಾಳಿಗೆಗೆ ಮರಳಿಸಿದೆವು. ಮಲಗಿಸುವಾಗ ಒಳಗೆ ಗೋಲಿಗಳು ಕಿಣಿಕಿಣಿ ಎಂದು ಉರುಳಿದವು. ಬೆರ್ನಾದಮ್ಮ ಬೆಚ್ಚಿಬಿದ್ದರು. “ಇಪ್ಪತ್ತೊಂದಕ್ಕೆ ಕುಡೀವಾಗ ಹಲ್ಲು ಜೋಪಾನ,” ಎಂದು ತೆರ್ಸಿಗೆ ಪಿಸುಗುಟ್ಟಿ, ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಗೋಲಿ ಇದೆ, ಅಲುಗಾಡಿಸಬೇಡಿ, ಎರಡು ತಿಂಗಳು ಹೆಚ್ಚು. ಊರಿಗೆ ಸುದ್ದಿ ಹರಡಿದ್ದು ಅಲ್ಲಿಂದಲೇ. ಇನ್ನಾಸಪ್ಪನ ಹೂಜಿಯ ಜೊತೆಗೆ ಈಗ ರೀತಮ್ಮನ ತಟ್ಟೆ ಎಂಬುದೂ ಸೇರಿಕೊಂಡಿದೆ. ಇನ್ನಾಸಪ್ಪ ನನ್ನನ್ನು ಕಂಡಲ್ಲೆಲ್ಲ ಕೈ ಮುಗಿಯುತ್ತಾನೆ.

ಅಕ್ಕಿ ನೆನೆದಿರಬೇಕು. ಎದ್ದು ನೋಡೋಣ ಎಂದುಕೊಳ್ಳುವಷ್ಟರಲ್ಲಿ ತೆರ್ಸಿ ಶೆಡ್ಡಿನಿಂದ ಬಂದು, ಏಪ್ರನ್ನಿನ ತುಂಬ ಹೊಟ್ಟು ತುಂಬಿಕೊಂಡು, ನಾನು ಬರೆಯುತ್ತಿರುವ ಹಾಳೆಯ ಮೇಲೆಯೇ ಪೀಪಾಯಿಯ ಒಂದು ಹಲಗೆ ಇಟ್ಟಳು. “ನೋಡಮ್ಮಾ, ಇಡೀ ದಿನ ಹತ್ರಿ ಹೊಡೆದು ನಯ ಮಾಡಿದ್ದೀನಿ. ಸೊಟ್ಟ ಬಂದಿದೆ. ಅಪ್ಪ ನೋಡಿ ನಕ್ಕುಬಿಟ್ರು. ಹಾಳಾಗೋಯ್ತು!”

ಅದೇ ಎರಡು ಮಾತು ನಾಲಿಗೆಯ ತುದಿಗೆ ಬಂದವು. ನುಂಗಿದೆ.

“ಎಲ್ಲಿ, ಎಷ್ಟು ಸೊಟ್ಟ, ತೋರಿಸು,” ಎಂದು ಪೆನ್ನು ಕೆಳಗಿಟ್ಟೆ.